ನಮ್ಮ ಮನೆಯ ಹುತ್ತದಜ್ಜ

ಹುತ್ತದಜ್ಜನ ಪಾತ್ರ ನಮ್ಮ ಮನೆತನದ್ದು. ಮೊದಲು ಅಪ್ಪ ಮಾಡುತ್ತಿದ್ದ. ಅಪ್ಪನಿಗೆ ಮೊಣಕಾಲು ನೋವು ಹಿಡಿದ ಮೇಲೆ ಅದು ಅಣ್ಣನಿಗೆ ಬಂತು. ನನಗೆ ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಈತ ಹುತ್ತದಲ್ಲಿ ಕೂತು ಹಾಡಿದರೆ ಒಳಗಿನ ಗೆದ್ದಲೂ ಊರು ಬಿಟ್ಟು ಹೋಗುತ್ತವೆ ಎಂದು ಅವ್ವ ನನ್ನ ದನಿಯನ್ನು ಆಡಿಕೊಳ್ಳುತ್ತಿದ್ದಳು. ನಗುವುದಕ್ಕೆ ಆಗ ನಮ್ಮ ಮನೆಯಲ್ಲಿ ಇಷ್ಟು ಸಾಕಾಗುತ್ತಿತ್ತು.

ಊರು ಹಿರೇಕೆರೂರು ತಾಲೂಕಿನದು, ಅಬಲೂರಿನಿಂದ ಬಹಳ ದೂರವಿಲ್ಲ. ಮಳೆ ನಂಬಿದ ಹೊಲಗಳು. ಗೋವಿನಜೋಳ, ಹತ್ತಿ, ಅಷ್ಟೇ. ಸುಗ್ಗಿ ಮುಗಿದು ಕೈ ಬಿಡುವಾದಾಗ, ವರ್ಷ ಬಿಟ್ಟು ವರ್ಷ, ದೊಡ್ಡಾಟ ಆಡುತ್ತಾರೆ. ಬೇರೆ ಊರುಗಳಲ್ಲಿ ಯುದ್ಧದ ಆಟಗಳಿಗೆ ಜನ ಮುಗಿಬೀಳುತ್ತಾರೆ. ನಮ್ಮೂರಿನವರಿಗೆ ಹುತ್ತದ ಆಟವೇ ಆಗಬೇಕು. ಆ ಋಷಿಯ ನಿಜವಾದ ಹೆಸರು ಪಾಠದ ಪುಸ್ತಕದಲ್ಲಿದೆ. ಸವಣೂರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನಾನು ಮಕ್ಕಳಿಗೆ ಅದನ್ನೇ ಬರೆಸುತ್ತೇನೆ. ಊರಿನಲ್ಲಿ ಮಾತ್ರ ಆತ ಬರೀ ಹುತ್ತದಜ್ಜ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಕಾಡಿನಲ್ಲಿ ದಾರಿ ಕಟ್ಟಿ, ಬಂದವರನ್ನು ದೋಚಿ, ಮನೆ ಮಂದಿಯನ್ನು ಸಾಕುತ್ತಿದ್ದವನೊಬ್ಬ. ಒಂದು ದಿನ ತಂಬೂರಿ ಹಿಡಿದು ಬಂದ ಮುನಿಯನ್ನು ತಡೆದ. ಮುನಿ ಹೆದರಲಿಲ್ಲ. ಈ ಪಾಪವನ್ನು ಯಾರಿಗಾಗಿ ಮಾಡುತ್ತಿದ್ದೀಯೋ ಅವರು ಇದರಲ್ಲಿ ಪಾಲು ತೆಗೆದುಕೊಳ್ಳುತ್ತಾರೇನು, ಹೋಗಿ ಕೇಳಿಕೊಂಡು ಬಾ ಎಂದ. ಅವನು ಮುನಿಯನ್ನು ಮರಕ್ಕೆ ಕಟ್ಟಿ ಮನೆಗೆ ಓಡಿದ. ಮನೆಯವರೆಲ್ಲ ಒಲ್ಲೆವೆಂದರು. ಉಂಡವರೇ ಒಲ್ಲೆವೆಂದ ಮೇಲೆ ಅವನಿಗೆ ಬೇರೆ ದಾರಿ ಉಳಿಯಲಿಲ್ಲ. ತಿರುಗಿ ಹೋಗಿ ಮುನಿಯ ಕಾಲಿಗೆ ಬಿದ್ದ, ಜಪಕ್ಕೆ ಕುಳಿತ, ಮೈಮೇಲೆ ಹುತ್ತ ಬೆಳೆಯಿತು. ಅದರಿಂದ ಎದ್ದು ಬಂದವನು ಋಷಿ. ಮುಂದೆ ಒಂದು ದಿನ ಜೋಡಿ ಹಕ್ಕಿಗಳಲ್ಲಿ ಒಂದು, ಬಾಣ ತಾಗಿ ಬಿದ್ದದ್ದನ್ನು ಕಂಡು ಅವನ ದುಃಖ ಹಾಡಾಗಿ ಬಂತು, ಕವಿಯಾದ.

ಈ ಕಥೆಯನ್ನು ಆಡುವುದರಲ್ಲಿ ನಮ್ಮೂರಿಗೆ ಒಂದು ರೂಢಿಯಿದೆ. ಪಾಲು ಕೇಳುವ ಪ್ರಸಂಗವನ್ನು ಆಟಕ್ಕೆ ಕಟ್ಟಿದ ಅಟ್ಟದ ಮೇಲೆ ಆಡುವುದಿಲ್ಲ. ಹೊತ್ತು ಇಳಿಯುವ ಮುಂಚೆ ವೇಷದವನು ಕಂಬಳಿ ಹೊದ್ದು, ಸೊಂಟಕ್ಕೆ ಕುಡುಗೋಲು ಸಿಕ್ಕಿಸಿಕೊಂಡು, ಮದ್ದಲೆಯವರ ಜೊತೆ ತನ್ನ ಸ್ವಂತ ಮನೆಗೇ ಬರಬೇಕು. ಊರೆಲ್ಲ ಹಿಂದೆ ಬರುತ್ತದೆ. ಅವನು ಹೊಸ್ತಿಲ ಹೊರಗೆ ನಿಂತು ಕೇಳಬೇಕು. ಒಳಗಿನಿಂದ ಅವನ ಮನೆಯ ಮೂವರು, ಒಬ್ಬೊಬ್ಬರಾಗಿ, ‘ಪಾಪ ನಿಂದು, ಪಾಲು ನಮಗ ಬ್ಯಾಡ’ ಎನ್ನಬೇಕು. ಆಮೇಲೆ ಬಾಗಿಲು ಮುಚ್ಚಬೇಕು. ಅವನಿಗೆ ನೀರು ಕೂಡ ಕೊಡುವಂತಿಲ್ಲ. ಬೆಳಗಾಗಿ ಆಟ ಮುಗಿದು ಋಷಿಯಾದ ಮೇಲೆ ಮನೆಯವರೇ ಆರತಿ ಹಿಡಿದು ಹೋಗಿ ಕರೆದುಕೊಂಡು ಬರುತ್ತಾರೆ. ಅಲ್ಲಿಯವರೆಗೆ ಅವನು ಮನೆಗೆ ಹೊರಗಿನವನು.

ಅಪ್ಪ ತೀರಿಕೊಂಡ ಮೇಲಿನ, ನಾನು ಮನೆ ಕಟ್ಟಿಸುವ ಮುಂಚಿನ ಆಟದಲ್ಲಿ ಅವ್ವ ಒಲ್ಲೆನೆಂದಳು, ಅಣ್ಣನ ಹೆಂಡತಿ, ನಮ್ಮ ವೈನಿ, ಒಲ್ಲೆನೆಂದಳು. ಮೂರನೆಯವಳು ಅಣ್ಣನ ಮಗಳು. ಆಗ ಅವಳಿಗೆ ಒಂಬತ್ತು ವರ್ಷ. ವಾರವೆಲ್ಲ ಆ ಮಾತನ್ನು ಬಾಯಿಪಾಠ ಮಾಡಿ, ಹೊಸ್ತಿಲಲ್ಲಿ ನಿಂತು, ನಗು ತಡೆಯಲಾರದೆ ಹೇಳಿದ್ದಳು. ಬಾಗಿಲು ಮುಚ್ಚಿದ ಮೇಲೆ ತನ್ನಪ್ಪ ಒಳಗೆ ಬರುವಂತಿಲ್ಲ ಎಂದು ತಿಳಿದು ಒಂದೇ ಸಮನೆ ಅತ್ತಳು. ನಾವೆಲ್ಲ ಅವಳನ್ನು ಗೋಳು ಹೊಯ್ದುಕೊಂಡೆವು.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟ. ಮೊದಲು ಟ್ರ್ಯಾಕ್ಟರ್, ಆಮೇಲೆ ಜೆಸಿಬಿ. ಹಾನಗಲ್ಲ ತಾಲೂಕಿನ ಕೆರೆಗಳ ಹೂಳು ತೆಗೆಯುವುದಕ್ಕೆ ಬೇಸಿಗೆಯಲ್ಲಿ ಅವನಿಗೆ ಬಿಡುವೇ ಇರುತ್ತಿರಲಿಲ್ಲ. ನಾನು ಓದಿದ್ದು ಅವನ ಬೆವರಿನಿಂದ. ಇದನ್ನು ನಾನು ಎಲ್ಲರ ಮುಂದೆಯೂ ಹೇಳುತ್ತಿದ್ದೆ. ಹೇಳಿದರೆ ನನಗೇ ಒಂದು ಬಗೆಯ ದೊಡ್ಡಸ್ತಿಕೆ ಅನ್ನಿಸುತ್ತಿತ್ತು. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಶಿಗ್ಗಾಂವಿಯ ಹೊರಗೆ ನಾನು ಮನೆಗೆ ಜಾಗ ಹಿಡಿದೆ. ಜಾಗದ ಮೂಲೆಯಲ್ಲಿ, ಅಡುಗೆಮನೆ ಬರಬೇಕಾದಲ್ಲಿ, ಎದೆಯೆತ್ತರದ ಹುತ್ತ. ಅದರ ಮೇಲೆ ಯಾರೋ ಅರಿಶಿನ ಕುಂಕುಮ ಹಾಕಿದ್ದರು. ಪಾಯ ತೆಗೆಯಲು ಬಂದ ಆಳುಗಳು ಹುತ್ತ ಕಂಡು ಸಲಿಕೆ ಕೆಳಗಿಟ್ಟರು. ಗೌಂಡಿ ಬಂಕಾಪುರದ ಮುಸಲ್ಮಾನ, ನಲವತ್ತು ವರ್ಷ ಕಲ್ಲು ಇಟ್ಟಿಗೆಯಲ್ಲೇ ಕಳೆದವನು. ನಮ್ಮ ದೇವರ ಗೊಡವೆ ಅವನಿಗಿಲ್ಲ, ಅವನಾದರೂ ಕೆಡವಬಹುದು ಎಂದುಕೊಂಡೆ. ಅವನು ತಲೆಯಾಡಿಸಿದ. ಒಂದು ಜೀವ ಕಟ್ಟಿದ್ದನ್ನು ಕೆಡವಿ ಇನ್ನೊಂದು ಜೀವಕ್ಕೆ ಮನೆ ಕಟ್ಟುವುದು ತನಗೆ ಸರಿ ಬರುವುದಿಲ್ಲ, ಬೇಕಿದ್ದರೆ ಮನೆಯನ್ನೇ ಎಂಟು ಅಡಿ ಈಚೆ ಸರಿಸಿ ಪಾಯ ಹಾಕಿಕೊಡುತ್ತೇನೆ, ಹುತ್ತ ತನ್ನ ಪಾಡಿಗೆ ಹಿತ್ತಲಲ್ಲಿ ಇರಲಿ ಎಂದ.

ಎಂಟು ಅಡಿ. ಅಷ್ಟಕ್ಕೆ ನಾನು ಒಪ್ಪಲಿಲ್ಲ. ನಕ್ಷೆ ಹಾಕಿಸಿಯಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಮಣ್ಣಿನ ಗುಡ್ಡೆಗೆ ಹೆದರಿ ಮನೆ ಸರಿಸಿದ ಮಾಸ್ತರ ಎಂದು ಜನ ನಗುವುದು ನನಗೆ ಬೇಡವಾಗಿತ್ತು. ಎರಡು ಅಕ್ಷರ ಕಲಿತ ಸೊಕ್ಕು. ಅಣ್ಣನಿಗೆ ಫೋನ್ ಮಾಡಿದೆ. ಹುತ್ತ ಇದೆ ಎಂದು ಹೇಳಿಯೇ ಕರೆದೆ, ಮುಚ್ಚಿಡಲಿಲ್ಲ. ಬೇರೆ ಯಾರೂ ಸಿಗಲಿಲ್ಲವೇ ಎಂದು ಅವನು ಕೇಳಿದ. ನೀನೇ ಹಿಂಜರಿದರೆ ನನಗೆ ಇನ್ನು ಯಾರಿದ್ದಾರೆ ಎಂದೆ. ಆ ಮಾತಿಗೆ ಅವನು ಎಂದೂ ಇಲ್ಲ ಅಂದವನಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ಮರುದಿನ ಮುಂಜಾನೆ ಹಾನಗಲ್ಲಿನಿಂದ ಮಷಿನ್ ತಂದ. ಕೆಳಗಿಳಿದು, ಚಪ್ಪಲಿ ಬಿಟ್ಟು, ಹುತ್ತಕ್ಕೆ ಕೈಮುಗಿದ. ನಾನು ಅಲ್ಲಿಯೂ ಒಂದು ಚಾಷ್ಟಿ ಮಾಡಿದೆ. ಹುತ್ತದಜ್ಜನೇ ಹುತ್ತ ಕೆಡವಿದರೆ ಮನೆಯೊಡೆಯನೇ ಗೋಡೆ ತೆಗೆದಂತೆ, ತಪ್ಪೇನು ಎಂದೆ. ಅವನು ನಗಲಿಲ್ಲ. ಮಷಿನ್ ಹತ್ತಿ ಎರಡು ಸಲ ಬಕೆಟ್ ಹಾಕಿದ, ಹುತ್ತ ನೆಲಸಮವಾಯಿತು. ಒಳಗೆ ಹಾವು ಇರಲಿಲ್ಲ. ಬರೀ ಗೆದ್ದಲು, ಬಿಳೀ ಮೊಟ್ಟೆ, ಹಸಿ ಮಣ್ಣಿನ ವಾಸನೆ. ನನ್ನ ಹೆಂಡತಿ ಕೊಟ್ಟ ಚಹಾ ಕುಡಿಯದೆ ಹೋದ.

ಅದಾಗಿ ಎರಡು ತಿಂಗಳಿಗೆ, ಮಳೆಗಾಲದಲ್ಲಿ, ಅಣ್ಣನ ಹುಡುಗಿಗೆ ಜ್ವರ ಬಂತು. ಆ ಹೊತ್ತಿಗೆ ಊರಿನಲ್ಲಿ ಹತ್ತಾರು ಮನೆಗಳಲ್ಲಿ ಅದೇ ಜ್ವರ ಇತ್ತು. ಉಳಿದವರೆಲ್ಲ ಎದ್ದು ಕೂತರು. ಇವಳಿಗೆ ನಾಲ್ಕನೆಯ ದಿನ ಮೂಗಿನಲ್ಲಿ ರಕ್ತ ಕಂಡಿತು. ಹಿರೇಕೆರೂರಿನ ಡಾಕ್ಟರು ತಡಮಾಡದೆ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಕಾರು ಶಿಗ್ಗಾಂವಿಗೆ ಬಂದಾಗ ನಾನು ರಸ್ತೆಯ ಮೇಲೇ ಕಾಯುತ್ತಿದ್ದೆ. ಹತ್ತಿಕೊಂಡೆ. ಅವಳ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಕಾಕಾನ ಹೊಸ ಮನೆ ಎಲ್ಲಿ ಎಂದು ಒಮ್ಮೆ ಕೇಳಿದಳು. ಹಿಂದೆ ಉಳಿಯಿತು, ಬರುವಾಗ ತೋರಿಸುತ್ತೇನೆ ಎಂದೆ. ತಡಸ ದಾಟುವಷ್ಟರಲ್ಲಿ ಕಾಲು ತಣ್ಣಗಾಗಿದ್ದವು. ಆದರೂ ಹುಬ್ಬಳ್ಳಿಯವರೆಗೆ ನಾನು ಬಾಯಿ ಬಿಡಲಿಲ್ಲ. ಮುಂದೆ ಕೂತ ಅಣ್ಣನಿಗೆ ಹೇಳುವ ಧೈರ್ಯ ಬರಲಿಲ್ಲ.

ಹಕ್ಕಿ ಸತ್ತದ್ದನ್ನು ಕಂಡು ಋಷಿಯ ಬಾಯಲ್ಲಿ ಹಾಡು ಬಂತು ಎಂದು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ದುಃಖ ದೊಡ್ಡದಾದರೆ ಅದು ಮನುಷ್ಯನನ್ನು ದೊಡ್ಡವನನ್ನಾಗಿ ಮಾಡುತ್ತದೆ ಎಂದು ಕೊನೆಗೆ ಒಂದು ಮಾತು ಸೇರಿಸುತ್ತಿದ್ದೆ. ನಮ್ಮ ಮನೆಯಲ್ಲಿ ಮಗು ಹೋಯಿತು. ಯಾರ ಬಾಯಲ್ಲೂ ಏನೂ ಬರಲಿಲ್ಲ, ಯಾರೂ ದೊಡ್ಡವರಾಗಲಿಲ್ಲ. ಎಲ್ಲರೂ ಸಣ್ಣವರಾದೆವು.

ಮಣ್ಣು ಮಾಡಿ ಬಂದ ಮೂರನೆಯ ದಿನಕ್ಕೇ ಹುತ್ತದ ಮಾತು ಎದ್ದಿತು. ಯಾರು ಮೊದಲು ಆಡಿದರೋ ಗೊತ್ತಿಲ್ಲ. ವೈನಿ ಅಣ್ಣನಿಗೆ ರೊಟ್ಟಿ ಬಡಿಸುವುದನ್ನು ಬಿಟ್ಟಳು. ತಾಟನ್ನು ನೆಲದ ಮೇಲೆ ಇಟ್ಟು ಒಳಗೆ ಹೋಗುತ್ತಿದ್ದಳು. ಅವ್ವ ಮಗನ ಮುಖ ನೋಡದೆ ಮಾತಾಡತೊಡಗಿದಳು. ಮಾತು ಅವನೊಬ್ಬನ ಮೇಲೇ ಹೋಯಿತು, ಏಕೆಂದರೆ ಕೈ ಅವನದು. ನಾನು ಎಲ್ಲರ ನಡುವೆ ಕೂತು ಎದೆಯುಬ್ಬಿಸಿ ವಾದ ಮಾಡಿದೆ. ಸೊಳ್ಳೆಯಿಂದ ಬಂದ ಜ್ವರ, ಊರ ಚರಂಡಿ ನೋಡಿ, ಶಿಗ್ಗಾಂವಿಯ ಗೆದ್ದಲು ಬಸ್ಸು ಹತ್ತಿ ಹಿರೇಕೆರೂರಿಗೆ ಬಂತೇನು ಎಂದೆ. ಸೂತಕದ ಮನೆಯಲ್ಲಿ ಆಡುವ ಮಾತಲ್ಲ ಅದು. ನನ್ನ ವಾದದಲ್ಲಿ ತಪ್ಪಿರಲಿಲ್ಲ. ಈಗಲೂ ನಾನು ಹಾಗೆಯೇ ನಂಬುತ್ತೇನೆ. ಆದರೆ ಇಡೀ ವಾದದಲ್ಲಿ ಒಂದು ಮಾತು ಬರಲಿಲ್ಲ. ಕೆಡವು ಎಂದವನು ನಾನು ಎಂದು ನಾನು ಒಮ್ಮೆಯೂ ಹೇಳಲಿಲ್ಲ. ಅಣ್ಣ ಗೋಡೆಗೆ ಒರಗಿ ಕೂತು ನನ್ನನ್ನೇ ನೋಡುತ್ತಿದ್ದ. ಅವನೂ ಹೇಳಲಿಲ್ಲ.

ಮುಂದಿನ ಸುಗ್ಗಿ ಮುಗಿದಾಗ ಆಟದ ವರ್ಷ. ವರ್ಷ ತುಂಬದ ಮನೆ, ಈ ಸಲ ಪಾತ್ರ ಬೇರೆಯವರಿಗೆ ಕೊಡೋಣ ಎಂದು ಹಿರಿಯರು ಅಂದರು. ಅಣ್ಣ ಬಿಡಲಿಲ್ಲ. ಹುತ್ತ ಕೆಡವಿದವನು ಹುತ್ತದಲ್ಲಿ ಕೂತು ಎದ್ದರೆ ಕಳೆಯುತ್ತದೆ ಎಂದು ಆಟ ಕಲಿಸುವ ಮಾಸ್ತರರು ಅವನಿಗೆ ಹೇಳಿದ್ದರಂತೆ. ಮುದುಕ ಅದನ್ನು ಸಮಾಧಾನಕ್ಕೆ ಹೇಳಿರಬೇಕು. ಅಣ್ಣ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡ. ಎರಡು ತಿಂಗಳು ಹಾನಗಲ್ಲಿನಿಂದ ದಿನಾ ಸಂಜೆ ಬೈಕಿನ ಮೇಲೆ ತಾಲೀಮಿಗೆ ಬಂದ. ಮೀನು ಮಾಂಸ ನಮ್ಮಲ್ಲಿ ಮೊದಲೇ ಇಲ್ಲ, ಅವನು ಉಳ್ಳಾಗಡ್ಡಿ ಕೂಡ ಬಿಟ್ಟ. ಎಲೆ ಅಡಿಕೆ ಬಿಟ್ಟ. ಸೊರಗಿ ಕಡ್ಡಿಯಾದ.

ಮೂರನೆಯವರು ಯಾರು ಎಂಬ ಪ್ರಶ್ನೆ ಬಂತು. ಯಾರೂ ಬಾಯಿ ಬಿಟ್ಟು ಕೇಳಲಿಲ್ಲ, ಆಟದ ಹಿಂದಿನ ದಿನ ಅವ್ವ ಫೋನ್ ಮಾಡಿ ನನ್ನನ್ನು ಬಾ ಎಂದಳು, ಅಷ್ಟೇ. ಹೊಸ ಮನೆಯ ಬಣ್ಣ ಇನ್ನೂ ಹಸಿಯಿತ್ತು. ಶಾಲೆಗೆ ಎರಡು ದಿನ ರಜೆ ಬರೆದುಕೊಟ್ಟು ಹೋದೆ.

ಬಿಸಿಲು ಇನ್ನೂ ಮಾಳಿಗೆಯ ಅಂಚಿನಲ್ಲಿತ್ತು. ಮದ್ದಲೆಯ ಸದ್ದು ಓಣಿಯ ತಿರುವಿನಲ್ಲಿ ಕೇಳಿಸಿತು. ನಾವು ಮೂವರು ಹೊಸ್ತಿಲ ಒಳಗೆ ನಿಂತೆವು. ಅಣ್ಣ ಬಂದ. ಕೆನ್ನೆಗೆ ಕೆಂಪು, ಹಣೆಗೆ ಮಸಿ, ಹೆಗಲಿಗೆ ಕಂಬಳಿ. ಜನ ಕಟ್ಟೆಯ ಮೇಲೆ, ಚಕ್ಕಡಿಯ ಮೇಲೆ, ಎದುರು ಮನೆಯ ಮಾಳಿಗೆಯ ಮೇಲೆ. ಅವನು ಪದ ಹೇಳಿ ಪಾಲು ಕೇಳಿದ. ಅವ್ವ ಹೇಳಬೇಕಾದ್ದನ್ನು ಹೇಳಿದಳು. ಹೇಳುವಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ವೈನಿ ಹೇಳಿದ ರೀತಿ ನನಗೆ ಇಂದಿಗೂ ನೆನಪಿದೆ. ಅವಳು ಆಟ ಆಡಲಿಲ್ಲ. ಒಂದೊಂದು ಮಾತನ್ನೂ ಅವನ ಮುಖಕ್ಕೆ ನೇರವಾಗಿ ಹೇಳಿದಳು. ಮದ್ದಲೆಯವನ ಕೈ ಒಂದು ಕ್ಷಣ ನಿಂತೇ ಹೋಯಿತು.

ಆಮೇಲೆ ಅಣ್ಣ ನನ್ನ ಕಡೆ ತಿರುಗಿದ. ಪದ ಹೇಳಲಿಲ್ಲ. ಹೊಸ್ತಿಲಿನ ತೀರಾ ಹತ್ತಿರ ಬಂದು, ಮದ್ದಲೆಯವನಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಮಾತಾಡಿದ.

“ತಮ್ಮಾ, ಇದು ಆಟದ ಮಾತಲ್ಲ. ನಿನ್ನ ಮನಿ ಸಲುವಾಗಿ ಕೆಡವೇನಿ. ಒಂದಿಷ್ಟರ ನಂದೂ ಐತಿ ಅನ್ನು. ಇವ್ರ ಮುಂದ ಅನ್ನು.”

ಅವನ ಕಣ್ಣಿನ ಕೆಳಗೆ ಬಣ್ಣ ಕರಗಿ ಇಳಿಯುತ್ತಿತ್ತು. ಅವನು ಏನು ಕೇಳುತ್ತಿದ್ದಾನೆ ಎಂಬುದು ನನಗೆ ಸ್ಪಷ್ಟವಾಗಿ ತಿಳಿಯಿತು. ಅದು ತಿಳಿಯಲಿಲ್ಲ ಎಂದು ಹೇಳುವ ಅವಕಾಶ ನನಗಿಲ್ಲ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಓಡಿದ್ದು ಇಷ್ಟು: ಪಾಪವೇ ಇಲ್ಲ ಎಂದು ವಾದ ಮಾಡಿದವನು ಪಾಲು ಹೇಗೆ ಒಪ್ಪಲಿ. ಹೌದು ಎಂದರೆ ಹುಡುಗಿಯನ್ನು ಕೊಂದವನು ನಾನು ಎಂದು ಒಪ್ಪಿದಂತೆ. ಪಕ್ಕದಲ್ಲಿ ವೈನಿ ನಿಂತಿದ್ದಾಳೆ. ನಾಳೆಯಿಂದ ಅವಳ ಕಣ್ಣು ನನ್ನ ಕಡೆ ತಿರುಗುತ್ತದೆ. ಹೊಸ ಮನೆಯಲ್ಲಿ ನನ್ನ ಹೆಂಡತಿ ಮಕ್ಕಳು ಮಲಗಬೇಕು. ಇಷ್ಟೆಲ್ಲ ಓಡುವುದಕ್ಕೆ ಸಮಯ ಬೇಕಾಗಲಿಲ್ಲ. ಜನ ಕಾಯುತ್ತಿದ್ದರು, ಹೇಳಬೇಕಾದ ಮಾತು ಬಾಯಲ್ಲಿ ಸಿದ್ಧವಾಗಿತ್ತು. ಅದನ್ನು ಹೇಳಿದರೆ ಯಾರೂ ನನ್ನನ್ನು ಏನೂ ಅನ್ನುವಂತಿರಲಿಲ್ಲ.

“ಪಾಪ ನಿಂದು, ಪಾಲು ನಮಗ ಬ್ಯಾಡ.”

ಗಟ್ಟಿಯಾಗಿ ಹೇಳಿದೆ. ನನ್ನ ಒರಟು ದನಿ ಅಂದು ಚೆನ್ನಾಗಿ ಎದ್ದಿತು. ಜನ ಭೇಷ್ ಎಂದರು. ಬಾಗಿಲು ಮುಚ್ಚಿದವನೂ ನಾನೇ.

ಅಣ್ಣ ಆಟ ಪೂರ್ತಿ ಮಾಡಿದ. ಕೆಂಪು ಮಣ್ಣು ಬಳಿದ ಗೋಣಿಚೀಲದ ಹುತ್ತದಲ್ಲಿ ತಾಸುಗಟ್ಟಲೆ ಕೂತ. ನಡುವೆ ಎದ್ದು ಗಾಳಿಗೆ ಹೋಗುವ ಪದ್ಧತಿ ಇದೆ, ಅಪ್ಪನೂ ಹೋಗುತ್ತಿದ್ದ, ಇವನು ಹೋಗಲಿಲ್ಲ. ಕೊನೆಗೆ ಎದ್ದು ಬಂದು ಹಕ್ಕಿಯ ಪದ ಹಾಡಿದಾಗ ಹೆಂಗಸರು ಮುಖ ಮುಚ್ಚಿಕೊಂಡು ಅತ್ತರಂತೆ. ಹಾಗೆ ಯಾರೂ ಹಾಡಿದ್ದಿಲ್ಲ ಎಂದು ಊರು ಇಂದಿಗೂ ಹೇಳುತ್ತದೆ. ನಾನು ಕೇಳಲಿಲ್ಲ. ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ.

ಮುಂಜಾನೆ ಅವ್ವ ಆರತಿ ಹಿಡಿದು ಹೊರಟಳು. ವೈನಿ ಬರಲಿಲ್ಲ. ನಾನು ಹಿಂದೆ ಹೋದೆ, ಅಲ್ಲಿಯಾದರೂ ಅವನ ಕಾಲು ಹಿಡಿಯಬೇಕೆಂದು. ಅಟ್ಟದ ಹಿಂದೆ ಗಡ್ಡ ಜಡೆ ಬಿಚ್ಚಿಟ್ಟಿದ್ದವು, ಬಣ್ಣ ತೊಳೆದ ನೀರು ತಪ್ಪೇಲಿಯಲ್ಲಿತ್ತು. ಆಗಲೇ ಬೈಕ್ ಹತ್ತಿ ಹಾನಗಲ್ಲಿನ ಕಡೆಗೆ ಹೋದ ಎಂದರು. ಅವ್ವ ಆರತಿ ತಾಟು ಹಿಡಿದುಕೊಂಡೇ ಕಟ್ಟೆಯ ಮೇಲೆ ಕೂತಳು. ಕರೆದುಕೊಂಡು ಬರದೆ ಉಳಿದದ್ದು ನಮ್ಮ ಮನೆತನದಲ್ಲಿ ಅದೇ ಮೊದಲು ಎಂದಳು.

ಅವನು ಕಾಣೆಯಾಗಲಿಲ್ಲ. ಕಾಣೆಯಾಗಿದ್ದರೆ ಹುಡುಕುವ ಕೆಲಸವಾದರೂ ಇರುತ್ತಿತ್ತು. ಹಾನಗಲ್ಲಿನಲ್ಲಿ ಒಂದು ಖೋಲಿ ಹಿಡಿದು ಇದ್ದಾನೆ. ದುಡಿದದ್ದನ್ನು ವೈನಿಗೆ ಕಳಿಸುತ್ತಾನೆ. ಅವ್ವನಿಗೆ ಔಷಧ ಕಳಿಸುತ್ತಾನೆ. ನನ್ನ ಫೋನ್ ಎತ್ತುತ್ತಾನೆ, ಹುಡುಗರು ಹೇಗಿದ್ದಾರೆ ಎಂದು ಕೇಳುತ್ತಾನೆ, ಇಡುತ್ತಾನೆ. ನನ್ನ ಹೊಸ ಮನೆಯ ವಾಸ್ತುಶಾಂತಿಗೆ ಕರೆದಾಗ ಬರುತ್ತೇನೆ ಎಂದವನು ಬರಲಿಲ್ಲ. ಮುಂದಿನ ಆಟಕ್ಕೆ ಪಾತ್ರ ಬೇರೆ ಮನೆಗೆ ಹೋಯಿತು.

ನನಗೆ ಆ ಮನೆಯಲ್ಲಿ ನಿದ್ದೆ ಬರುವುದಿಲ್ಲ ಎಂದರೆ ಸುಳ್ಳಾಗುತ್ತದೆ. ನಿದ್ದೆ ಬರುತ್ತದೆ, ಊಟ ಸೇರುತ್ತದೆ. ಅದೇ ನನಗೆ ಅಸಹ್ಯ. ಹುತ್ತವಿದ್ದ ಜಾಗದಲ್ಲಿ ದಿನಾ ಒಲೆ ಉರಿಯುತ್ತದೆ, ನಾನು ಅಲ್ಲೇ ನಿಂತು ಚಹಾ ಕುಡಿಯುತ್ತೇನೆ. ಪಾಪ ಪುಣ್ಯದ ಲೆಕ್ಕ ನನಗೆ ಇಂದಿಗೂ ಬೇಕಿಲ್ಲ. ಅವನು ಅಂದು ಕೇಳಿದ್ದು ಅದನ್ನಲ್ಲ ಎಂದು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಹೆಂಡತಿ ಮುಖ ತಿರುಗಿಸಿದ್ದಾಳೆ, ಅವ್ವ ಮುಖ ತಿರುಗಿಸಿದ್ದಾಳೆ, ನೀನೊಬ್ಬ ನನ್ನ ಪಕ್ಕಕ್ಕೆ ಬಂದು ನಿಲ್ಲು ಎಂದಿದ್ದ. ಹೊಸ್ತಿಲು ದಾಟಿ ಒಂದು ಹೆಜ್ಜೆ. ಅಷ್ಟೇ ಅವನು ಕೇಳಿದ್ದು.

ಕಳೆದ ಬೇಸಿಗೆಯಲ್ಲಿ ನಾನು ಹಾನಗಲ್ಲಿಗೆ ಹೋದೆ. ಊರ ಹೊರಗಿನ ಒಂದು ಕೆರೆಯಲ್ಲಿ ಅವನ ಮಷಿನ್ ಇತ್ತು. ಮಧ್ಯಾಹ್ನದ ಹೊತ್ತು, ಕೆರೆಯಂಗಳ ಬಿರಿದಿತ್ತು. ಅವನು ಮಷಿನ್ನಿನ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ನನ್ನನ್ನು ಕಂಡು ಸರಿದು ಜಾಗ ಮಾಡಿದ. ಅರ್ಧ ರೊಟ್ಟಿ ಮುರಿದು, ಮೇಲೆ ಪಲ್ಯ ಇಟ್ಟು ನನ್ನ ಕೈಗೆ ಕೊಟ್ಟ. ತಲೆಗೂದಲೆಲ್ಲ ಬೆಳ್ಳಗಾಗಿತ್ತು. ನಾನು ರೊಟ್ಟಿ ಹಿಡಿದುಕೊಂಡೇ, ತೋಚಿದಷ್ಟು ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು.

“ಅಣ್ಣಾ, ಅದು ನಂದು. ಪಾಲಲ್ಲ, ಪೂರಾ ನಂದು. ಊರಿಗೆ ಬಾ, ವೈನಿ ಮುಂದ ಹೇಳ್ತೇನಿ.”

ಅವನು ತುತ್ತು ನುಂಗಿ, ನೀರು ಕುಡಿದು, ಬಾಯಿ ಒರೆಸಿಕೊಂಡ. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

“ಆ ಕತ್ಯಾಗ ಮನಿಯವ್ರು ಒಲ್ಲೆ ಅಂದ್ರು, ಅವ ಹುತ್ತದಾಗ ಕುಂತ, ಋಷಿ ಆಗಿ ಎದ್ದ. ನೀವೂ ಒಲ್ಲೆ ಅಂದ್ರಿ. ನಾನೂ ಕುಂತ್ನಿ. ಹಾಡೂ ಹಾಡಿದ್ನಿ. ಎದ್ದ ಮ್ಯಾಲ ನೋಡಿದ್ರ ನಾ ನಾನ ಇದ್ನಿ, ತಮ್ಮಾ. ಈಗ ನೀ ತಗೊಂಡು ಏನ್ ಮಾಡ್ತಿ? ಅದು ನನ್ನ ಕೂಡ ರೂಢಿ ಆಗೇತಿ.”

ರೊಟ್ಟಿ ತಿನ್ನು, ಆರಿ ಹೋಗುತ್ತದೆ ಎಂದ. ನಾನು ತಿಂದೆ. ಅವನು ಬುತ್ತಿ ಕಟ್ಟಿ, ಕೈ ತೊಳೆದು, ಮಷಿನ್ ಹತ್ತಿದ. ಕೆಳಗೆ ನಿಂತು ನಾನು ಇನ್ನೂ ಏನೋ ಹೇಳುತ್ತಿದ್ದೆ. ಅವನು ದೂರ ಸರಿ ಎಂದು ಕೈ ಮಾಡಿ ತೋರಿಸಿದ, ಬಕೆಟ್ ತಾಗೀತೆಂದು. ನಾನು ಸರಿದು ನಿಂತೆ. ಮಷಿನ್ ಶುರುವಾದ ಮೇಲೆ ನನ್ನ ಮಾತು ನನಗೇ ಕೇಳಿಸಲಿಲ್ಲ.